ಸಹಿ ಮೇಡಂ ಕಣ್ಣಾರೆ ಕಂಡದ್ದು

ಕಾಲೇಜಿನ ಮೆಟ್ಟಿಲ ಕೆಳಗೆ, ನೀರಿನ ಪಂಪಿನ ಪಕ್ಕದಲ್ಲೊಂದು ಕೋಣೆ. ಬಾಗಿಲ ಮೇಲೆ 'ವಿದ್ಯಾರ್ಥಿ ಸೇವಾ ಅವಕಾಶಗಳ ಕೇಂದ್ರ' ಎಂಬ ಫಲಕ. ಹೆಸರೇನೋ ದೊಡ್ಡದು, ಒಳಗೆ ಇದ್ದದ್ದು ಒಂದು ಮೇಜು, ಎರಡು ಕುರ್ಚಿ, ಸರಿಯಾಗಿ ಮುಚ್ಚದ ಒಂದು ಬೀರು, ಮತ್ತು ಹತ್ತೊಂಬತ್ತು ವರ್ಷದಿಂದ ಅಲ್ಲೇ ಕೂತು ಸವೆದ ಸಂಚಾಲಕಿ. ಗೋಡೆ ತುಂಬ ಭಿತ್ತಿಪತ್ರಗಳು: ರಕ್ತದಾನಕ್ಕೆ ಬನ್ನಿ, ನದಿ ದಂಡೆ ಸ್ವಚ್ಛ ಮಾಡೋಣ ಬನ್ನಿ, ವಯಸ್ಕರಿಗೆ ಅಕ್ಷರ ಕಲಿಸಿ, ಎರಡು ವರ್ಷ ಜನಸೇವೆ ಮಾಡಿ ಫೆಲೋಶಿಪ್ ಪಡೆಯಿರಿ. ಪಂಪು ಶುರುವಾದರೆ ಗೋಡೆ ನಡುಗಿ ಒಂದೆರಡು ಉದುರುತ್ತಿದ್ದವು. ಮೊದಲೆಲ್ಲ ಆಕೆ ತಕ್ಷಣ ಎದ್ದು ಅಂಟಿಸುತ್ತಿದ್ದಳು. ಈಗ ನಾಳೆ ನೋಡೋಣ ಎಂದು ಸುಮ್ಮನಿರುತ್ತಾಳೆ.

ಹುಡುಗರು ಆಕೆಗೆ ಇಟ್ಟ ಹೆಸರು ಸಹಿ ಮೇಡಂ. ತಪ್ಪೇನಿಲ್ಲ. ಯಾವ ಫೆಲೋಶಿಪ್ಪಿಗೆ ಅರ್ಜಿ ಹಾಕಬೇಕಾದರೂ ನೂರೈವತ್ತು ಗಂಟೆ ಸೇವೆ ಮಾಡಿರಬೇಕು, ಆ ಗಂಟೆಗಳನ್ನು ಒಂದು ನೀಲಿ ಪುಸ್ತಕದಲ್ಲಿ ಬರೆದಿರಬೇಕು, ಪ್ರತಿ ಪುಟಕ್ಕೂ 'ಪರಿಶೀಲಿಸಿದೆ' ಎಂದು ಆಕೆಯ ಸಹಿ ಬೇಕು. ಪರಿಶೀಲಿಸುವುದೆಂದರೆ ಆ ಆಸ್ಪತ್ರೆಗೆ, ಆ ಶಾಲೆಗೆ, ಆ ನದಿ ದಂಡೆಗೆ ಹೋಗಿ ನೋಡುವುದು. ಮೊದಲ ಎರಡು ವರ್ಷ ಹೋಗಿದ್ದಳು. ಆಮೇಲೆ ಹುಡುಗರು ನಾನೂರಾದರು, ಸಂಚಾಲಕಿ ಒಬ್ಬಳೇ ಉಳಿದಳು, ಮಂಡಿ ನೋವು ಬಂತು. ಕೂತಲ್ಲೇ ಪರಿಶೀಲಿಸುವುದು ರೂಢಿಯಾಯಿತು.

ಶಿಫಾರಸು ಪತ್ರದ ಕಥೆಯೂ ಅದೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗನ ಬಗ್ಗೆ ಮನಸಾರೆ ಒಂದು ಪತ್ರ ಬರೆದಿದ್ದಳು. 'ಇಂಥ ಇನ್ನೊಬ್ಬ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ' ಎಂಬುದು ಅದರ ಮೊದಲ ಸಾಲು. ಆಗ ಅದು ನಿಜವೇ ಆಗಿತ್ತು. ಹುಡುಗನಿಗೆ ಫೆಲೋಶಿಪ್ ಸಿಕ್ಕಿತು. ಹಣ್ಣು ಬಿಟ್ಟ ಮರವನ್ನು ಯಾರಾದರೂ ಕಡಿಯುತ್ತಾರೆಯೇ? ಅಂದಿನಿಂದ ಅದೇ ಪತ್ರ, ಹೆಸರು ಮಾತ್ರ ಬೇರೆ, ಸೇವಾವಧಿಯ ವರ್ಷ ಮಾತ್ರ ಬೇರೆ. ಹಾಡಿದ್ದೇ ಹಾಡೋ ಕಿಸಬಾಯಿದಾಸ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು, ಬೈದುಕೊಂಡು ಮುದ್ರಣದ ಗುಂಡಿ ಒತ್ತುತ್ತಿದ್ದಳು. ಒಂದು ಪತ್ರ ಅರಣ್ಯದವರಿಗೆ ಹೋದರೆ ಇನ್ನೊಂದು ಅಕ್ಷರ ಕಲಿಸುವವರಿಗೆ ಹೋಗುತ್ತಿತ್ತು. ಒಬ್ಬರದ್ದನ್ನು ಇನ್ನೊಬ್ಬರು ನೋಡುವ ಪ್ರಮೇಯವೇ ಇರಲಿಲ್ಲ.

ಈ ವರ್ಷ ಎರಡು ಪತ್ರ ಒಂದೇ ಮೇಜಿಗೆ ಹೋದವು. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಫೋನು ಬಂತು.

"ಮೇಡಂ, ಜನಸೇವಾ ಫೆಲೋಶಿಪ್ ಕಚೇರಿಯಿಂದ. ನಿಮ್ಮ ಎರಡು ಪತ್ರ ನನ್ನ ಮುಂದಿವೆ. ಎರಡರಲ್ಲೂ 'ನನ್ನ ಹತ್ತೊಂಬತ್ತು ವರ್ಷದಲ್ಲಿ ಇಂಥ ಇನ್ನೊಬ್ಬ ವಿದ್ಯಾರ್ಥಿನಿಯನ್ನು ಕಂಡಿಲ್ಲ' ಅಂತಿದೆ." ದನಿ ಎಳೆಯದು, ವಿನಯದ್ದು. "ಇಬ್ಬರಲ್ಲಿ ಯಾರನ್ನ ಕಂಡಿಲ್ಲ ನೀವು?"

ಆಕೆ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ನಿಯಮದ ಪ್ರಕಾರ ಎರಡೂ ಅರ್ಜಿ ತಿರಸ್ಕಾರ ಆಗ್ಬೇಕು ಮೇಡಂ. ನಮ್ಮ ಹಿರಿಯರು ಒಂದು ದಾರಿ ಬಿಟ್ಟಿದ್ದಾರೆ. ಸಂಜೆ ಐದರೊಳಗೆ ಒಬ್ಬರ ಹೆಸರು ಹೇಳಿ. ಅವರ ಬಗ್ಗೆ ನೀವು ಕಣ್ಣಾರೆ ಕಂಡದ್ದು ನಾಕು ಸಾಲು ಬರೆದು ಕಳಿಸಿ. ಅವರನ್ನ ಸಂದರ್ಶನಕ್ಕೆ ಕರೀತೀವಿ. ಇನ್ನೊಬ್ಬರದ್ದು ಅಲ್ಲಿಗೇ ಮುಗೀತು."

ಒಬ್ಬಳು ಆಕೆಯ ಅಕ್ಕನ ಮಗಳು. ಇನ್ನೊಬ್ಬಳು ಕುರ್ಚಿ ಹುಡುಗಿ.

ಕುರ್ಚಿ ಹುಡುಗಿ ಅನ್ನುವುದು ಆಕೆಯೇ ಇಟ್ಟ ಹೆಸರು. ಆ ಹುಡುಗಿ ಪ್ರತಿ ಶನಿವಾರ ಸರ್ಕಾರಿ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿಗೆ ಹೋಗುತ್ತಿದ್ದಳು. ಆದರೆ ನೀಲಿ ಪುಸ್ತಕದಲ್ಲಿ ಮಾಡಿದ ಕೆಲಸದ ಕಾಲಂ ಎದುರು ಪ್ರತಿ ವಾರವೂ ಒಂದೇ ಮಾತು: ಕೂತಿದ್ದೆ.

"ಏನು ಕೆಲಸ ಮಾಡಿದೆ ಅಂತ ಬರೀಬೇಕಮ್ಮಾ," ಎಂದು ಒಮ್ಮೆ ಗದರಿದ್ದಳು.

"ಅಲ್ಲಿ ಕೂತಿರೋದೇ ಕೆಲಸ ಮೇಡಂ."

ಇವಳ ಜೊತೆ ಯಾರು ತಲೆ ಚಚ್ಚಿಕೊಳ್ಳುವುದೆಂದು ಆಕೆಯೇ ಅದನ್ನು ಹೊಡೆದುಹಾಕಿ, ಮೇಲೆ 'ರೋಗಿಗಳಿಗೆ ಆಪ್ತ ಸಮಾಲೋಚನೆ' ಎಂದು ಬರೆದು ಸಹಿ ಜಡಿದಿದ್ದಳು. ಅಲ್ಲಿಗೆ ಪರಿಶೀಲನೆ ಮುಗಿಯಿತು.

ಅಕ್ಕನ ಮಗಳ ಪುಸ್ತಕ ನೋಡಲು ಚೆಂದ. ನದಿ ದಂಡೆಯಲ್ಲಿ ನೂರೈವತ್ತೆರಡು ಗಂಟೆ, ದಿನಾಂಕ ಸಹಿತ, ಫೋಟೋ ಸಹಿತ. ನಿಜದಲ್ಲಿ ಹುಡುಗಿ ಹೋದದ್ದು ನಾಲ್ಕು ಭಾನುವಾರ. ಉಳಿದದ್ದನ್ನು ತುಂಬಿದವಳು ಚಿಕ್ಕಮ್ಮ. ಅಕ್ಕ ಕೇಳಿರಲಿಲ್ಲ. ಅಕ್ಕ ಯಾವತ್ತೂ ಏನನ್ನೂ ಕೇಳಿದವಳಲ್ಲ, ಕಷ್ಟ ಇದ್ದದ್ದೇ ಅಲ್ಲಿ. ಮನೆಯಲ್ಲಿ ಇಬ್ಬರನ್ನು ಓದಿಸುವ ಶಕ್ತಿ ಇಲ್ಲವಾದಾಗ ಎಂಟನೇ ತರಗತಿಗೆ ಶಾಲೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತವಳು ಅಕ್ಕ. ಕಾಲೇಜಿಗೆ ಹೋದವಳು ತಂಗಿ. ಭಾವ ತೀರಿಕೊಂಡ ಮೇಲೆ ಅಕ್ಕ ಮಗಳನ್ನು ಕರೆದುಕೊಂಡು ಬಂದಳು. ಮದುವೆಯ ಗೋಜಿಗೆ ಹೋಗದ ತಂಗಿಯೂ, ಅವರಿಬ್ಬರೂ ಒಂದೇ ಸೂರಿನಡಿ ಹದಿನಾಲ್ಕು ವರ್ಷ ಕಳೆದಿದ್ದರು. ಹುಡುಗಿ ಇದೇ ಕಾಲೇಜಿನಲ್ಲಿ ಓದು ಮುಗಿಸಿ ಎರಡು ವರ್ಷ ಕೆಲಸ ಸಿಗದೆ ಮನೆಯಲ್ಲಿದ್ದಳು. ಓದು ಮುಗಿಸಿದವರೂ ಫೆಲೋಶಿಪ್ಪಿಗೆ ಅರ್ಜಿ ಹಾಕಬಹುದಿತ್ತು, ಆದರೆ ವಯಸ್ಸಿನ ಮಿತಿ ಇತ್ತು, ಅವಳಿಗೆ ಇದೇ ಕಡೆಯ ವರ್ಷ. ಅಕ್ಕ ಆಗಲೇ ಮಗಳಿಗೆ ಎರಡು ಜೊತೆ ಹೊಸ ಬಟ್ಟೆ ಹೊಲಿದು ಇಸ್ತ್ರಿ ಮಾಡಿಟ್ಟಿದ್ದಳು.

ಹೆಸರೇನೋ ಹೇಳಿಬಿಡಬಹುದು. ಯಾರಿಗೆ ಗೊತ್ತಾಗುತ್ತದೆ? ಆಕೆ ಕಾಗದ ಎಳೆದುಕೊಂಡು ಅಕ್ಕನ ಮಗಳ ಬಗ್ಗೆ ಕಣ್ಣಾರೆ ಕಂಡದ್ದನ್ನು ಬರೆಯಲು ಕೂತಳು. ಕಂಡದ್ದಕ್ಕೆ ಬರವೇ? ಸೈಕಲ್ ಕಲಿಯುವಾಗ ಬಿದ್ದು ಗಲ್ಲ ಒಡೆದುಕೊಂಡರೂ ಅಳದೆ ಮತ್ತೆ ಹತ್ತಿದ್ದನ್ನು ಕಂಡಿದ್ದಳು. ಉಂಡ ತಟ್ಟೆಯನ್ನು ಇದ್ದಲ್ಲೇ ಬಿಟ್ಟು ಏಳುವುದನ್ನು ದಿನಾ ಕಾಣುತ್ತಿದ್ದಳು. ಒಂದು ಗುಂಡಿ ಹೊಲಿಯುವುದು ತಡವಾಯಿತೆಂದು ತಾಯಿಯ ಮೇಲೆ ಎಗರಾಡಿದ್ದನ್ನೂ, ಆ ನಾಲ್ಕು ಭಾನುವಾರದ ಕೆಸರು ಬಟ್ಟೆಯನ್ನು ತಾಯಿಯೇ ತಿಕ್ಕಿ ಒಗೆದದ್ದನ್ನೂ ಕಂಡಿದ್ದಳು. ಪ್ರೀತಿ ಇಲ್ಲವೆಂದಲ್ಲ. ಎತ್ತಿ ಆಡಿಸಿದ ಕೂಸು, ಜೀವಕ್ಕಿಂತ ಹೆಚ್ಚು. ಆದರೆ ಊರವರ ಸೇವೆಗೆ ಇವಳನ್ನು ಕಳಿಸಿ ಎಂದು ಬರೆಯಲು ಪೆನ್ನು ಏಳಲಿಲ್ಲ.

ಕುರ್ಚಿ ಹುಡುಗಿಯ ಬಗ್ಗೆಯಾದರೂ ಬರೆಯೋಣವೆಂದರೆ ಅವಳನ್ನು ಎಲ್ಲಿ ಕಂಡಿದ್ದಳು? ನೀಲಿ ಪುಸ್ತಕದ ಮೇಲೆ ಬಗ್ಗಿದ ಒಂದು ತಲೆ, ಎಣ್ಣೆ ಕಾಣದ ಒಂದು ಜಡೆ. ಕಂಡವಳ ಬಗ್ಗೆ ಬರೆಯುವ ಹಾಗಿಲ್ಲ, ಬರೆಯಬಹುದಾದವಳನ್ನು ಕಂಡಿಲ್ಲ. ಅತ್ತ ದರಿ, ಇತ್ತ ಪುಲಿ. ಒಂದು ಗಂಟೆ ಹಾಗೇ ಕೂತಿದ್ದು, ಕೊನೆಗೆ ಮಂಡಿಗೆ ಕೈ ಊರಿ ಎದ್ದು ಆಸ್ಪತ್ರೆಯ ಬಸ್ಸು ಹತ್ತಿದಳು.

ಡಯಾಲಿಸಿಸ್ ವಾರ್ಡು ಎರಡನೇ ಮಹಡಿಯಲ್ಲಿತ್ತು, ಲಿಫ್ಟು ಕೆಟ್ಟಿತ್ತು. ಹತ್ತು ಮಂಚ, ಹತ್ತು ಯಂತ್ರ, ಒಬ್ಬರೇ ನರ್ಸು. ಮಲಗಿದವರ ತೋಳಿನಿಂದ ರಕ್ತ ಕೊಳವೆಯಲ್ಲಿ ಹೊರಗೆ ಹೋಗಿ, ಶುದ್ಧವಾಗಿ, ವಾಪಸು ಬರಬೇಕು. ಒಂದೊಂದು ಸರದಿಗೆ ನಾಲ್ಕು ಗಂಟೆ. ಆರು ಮತ್ತು ಏಳನೇ ಮಂಚದ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಆ ಹುಡುಗಿ ಕೂತಿದ್ದಳು, ಬೆನ್ನು ಬಾಗಿಲಿಗೆ. ಆರನೇ ಮಂಚದ ಮುದುಕ ಕಣ್ಣು ಮುಚ್ಚಿಕೊಂಡು ಏನೋ ಹೇಳುತ್ತಿದ್ದ.

"ಆಸ್ಪತ್ರೆ. ಹಳೇ ಸೇತುವೆ. ಬೆಂಕಿಪೆಟ್ಟಿಗೆ ಕಾರ್ಖಾನೆ."

"ಮಧ್ಯೆ ಶಾಲೆ ಸ್ಟಾಪು ಬಿಟ್ರಿ," ಎಂದಳು ಹುಡುಗಿ. "ಮಕ್ಕಳೆಲ್ಲ ಅಲ್ಲೇ ನಿಂತಿದ್ದಾವೆ."

"ಅಯ್ಯೋ ಹೌದಲ್ಲ. ರಿವರ್ಸ್, ರಿವರ್ಸ್!"

ಏಳನೇ ಮಂಚದ ಹೆಂಗಸು ನಕ್ಕಳು. ನರ್ಸು ಬಂದು ಸಹಿ ಮೇಡಂ ಪಕ್ಕದಲ್ಲಿ ನಿಂತು, "ಬಸ್ ಕಂಡಕ್ಟರ್ ಆಗಿದ್ರು ಆ ಅಜ್ಜ," ಎಂದು ಸಣ್ಣಗೆ ಹೇಳಿದಳು. "ಮೊದಲೆಲ್ಲ ಅರ್ಧಕ್ಕೇ ಸೂಜಿ ಕಿತ್ತುಕೊಂಡು ಎದ್ದುಬಿಡೋರು. ಈಗ ಶನಿವಾರ ಮಾತ್ರ ಪೂರ್ತಿ ನಾಕು ಗಂಟೆ ಮಲಗ್ತಾರೆ. ಇವಳು ಬಸ್ಸು ಡಿಪೋ ಸೇರೋವರೆಗೂ ಬಿಡಲ್ಲ. ನೀವು ಯಾರು?"

"ಕಾಲೇಜಿಂದ. ಪರಿಶೀಲನೆಗೆ."

"ಒಂದೂವರೆ ವರ್ಷ ಆಯ್ತು ಅವಳು ಬರೋಕೆ ಶುರು ಮಾಡಿ. ಯಾರೂ ಬಂದಿರಲಿಲ್ಲ," ಎಂದಳು ನರ್ಸು. ಚುಚ್ಚಬೇಕೆಂದು ಹೇಳಿದ ಮಾತಲ್ಲ ಅದು, ಆದರೂ ಚುಚ್ಚಿತು.

ಆಕೆ ಬಾಗಿಲಲ್ಲೇ ಮುಕ್ಕಾಲು ಗಂಟೆ ನಿಂತಳು. ಮುದುಕ ನಿದ್ದೆ ಹೋದ. ಹುಡುಗಿ ಅವನ ಕೊಳವೆ ಮಡಿಚಿಕೊಳ್ಳದ ಹಾಗೆ ದಿಂಬು ಸರಿಸಿ, ಏಳನೇ ಮಂಚದ ಹೆಂಗಸಿನ ಕಾಲು ತಣ್ಣಗಾಗಿದೆಯೇ ಎಂದು ಮುಟ್ಟಿ ನೋಡಿ ಹೊದಿಕೆ ಎಳೆದು, ಮತ್ತೆ ಕೂತಳು. ಸ್ವಲ್ಪ ಹೊತ್ತಿಗೆ ಅವಳ ತಲೆಯೂ ತೂಗತೊಡಗಿತು. ತಿರುಗಿ ಮೇಡಂ ಅನ್ನು ಕಂಡವಳೇ ಗಾಬರಿಯಿಂದ ಎದ್ದು ಬಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಮುಖ.

"ಮೇಡಂ, ಗಂಟೆ ಲೆಕ್ಕ ನೋಡೋಕೆ ಬಂದ್ರಾ? ಅದ್ರಲ್ಲಿ ಒಂದು ಮೂವತ್ತು ಗಂಟೆ ಕಡಿಮೆ ಮಾಡಿ. ಬೆಳಿಗ್ಗೆ ನಾಲ್ಕಕ್ಕೇ ಹಾಲಿನ ಪ್ಯಾಕೆಟ್ ಹಾಕೋಕೆ ಹೋಗ್ತೀನಿ. ಇಲ್ಲಿ ಕೂತ್ರೆ ಕೆಲವು ಸಲ ನಿದ್ದೆ ಬಂದುಬಿಡುತ್ತೆ. ನಿಮಗೆ ಹೇಳ್ಬೇಕು ಅಂತಿದ್ದೆ."

ಅಕ್ಕನ ಮಗಳ ಪುಸ್ತಕದಲ್ಲಿ ತಾನು ಕುಳಿತಲ್ಲೇ ಬರೆದ ನೂರಕ್ಕೂ ಹೆಚ್ಚು ಗಂಟೆಗಳು ಆಕೆಗೆ ನೆನಪಾದವು. ನಾಚಿಕೆಯಾಯಿತು.

"ಹೋಗಿ ಕೂತ್ಕೋ," ಎಂದಳು. "ನಿನ್ನ ಅಜ್ಜ ಎದ್ದ."

ಮೆಟ್ಟಿಲ ಮೇಲೆ ಕೂತೇ ನಾಲ್ಕು ಸಾಲು ಬರೆದಳು. ಬಸ್ಸು, ಶಾಲೆ ಸ್ಟಾಪು, ಹೊದಿಕೆ, ಮೂವತ್ತು ಗಂಟೆ ನಿದ್ದೆ, ಎಲ್ಲವನ್ನೂ ಕಂಡ ಹಾಗೇ ಬರೆದಳು. ನಾಲ್ಕೂವರೆಗೆ ಅದರ ಫೋಟೋ ತೆಗೆದು ಕಚೇರಿಗೆ ಕಳಿಸಿ, ಫೋನು ಮಾಡಿ ಕುರ್ಚಿ ಹುಡುಗಿಯ ಹೆಸರು ಹೇಳಿದಳು. "ಖಚಿತವಾ ಮೇಡಂ?" ಎಂದಿತು ಎಳೆಯ ದನಿ. ಖಚಿತ ಎಂದಳು. ಇನ್ನೊಂದು ಅರ್ಜಿಯ ಗಂಟೆಗಳು ಸುಳ್ಳು, ಬರೆದವಳು ನಾನೇ, ತಪ್ಪು ಹುಡುಗಿಯದಲ್ಲ ಎಂದೂ ಹೇಳಿದಳು. ಇದನ್ನು ನಾವು ನಿಮ್ಮ ಪ್ರಾಂಶುಪಾಲರಿಗೆ ತಿಳಿಸಬೇಕಾಗುತ್ತೆ ಎಂದರು. ತಿಳಿಸಿ ಎಂದಳು. ಕೆಲಸದ ಬಗ್ಗೆ ಭಯವಾಗಬೇಕಿತ್ತು, ಆಗಲಿಲ್ಲ. ಹೆದರಲೂ ತ್ರಾಣ ಬೇಕಲ್ಲ. ಇದ್ದ ಭಯವೆಲ್ಲ ಮನೆಯ ಬಾಗಿಲದ್ದು.

ಮನೆಯಲ್ಲಿ ಅಕ್ಕ ಯಂತ್ರದ ಮುಂದೆ ಇದ್ದಳು, ಯಾರದೋ ಮಕ್ಕಳ ಶಾಲೆಯ ಅಂಗಿ ಹೊಲಿಯುತ್ತ. ಮಗಳು ಕಿಟಕಿಯ ಕಟ್ಟೆಯಲ್ಲಿ ಕೂತು ಫೋನು ನೋಡುತ್ತಿದ್ದಳು. ಆಕೆ ಚಪ್ಪಲಿಯನ್ನೂ ಬಿಡದೆ, ಬಾಗಿಲಲ್ಲೇ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಸುತ್ತಿ ಬಳಸಿ ಹೇಳಲು ಶಕ್ತಿ ಉಳಿದಿರಲಿಲ್ಲ. ಯಂತ್ರ ನಿಂತಿತು.

ಮಗಳು ಅಳುತ್ತಾಳೆ, ಕೂಗಾಡುತ್ತಾಳೆ, ಬಾಗಿಲು ಬಡಿದುಕೊಂಡು ಹೋಗುತ್ತಾಳೆ ಎಂದುಕೊಂಡಿದ್ದಳು. ಹುಡುಗಿ ಕಿಟಕಿಯಿಂದ ಇಳಿದು ಚಿಕ್ಕಮ್ಮನ ಎದುರು ಬಂದು ನಿಂತಳು.

"ನಾನು ಕೇಳಿದ್ನಾ ಚಿಕ್ಕಮ್ಮ, ತುಂಬಿಕೊಡು ಅಂತ? ಐದನೇ ವಾರ ಮೈ ಕೈ ನೋವು, ಇವತ್ತು ಹೋಗಲ್ಲ ಅಂದೆ. ಇರಲಿ ಬಿಡು, ನಾನು ನೋಡ್ಕೋತೀನಿ ಅಂದವಳು ನೀನು. ಆರನೇ ವಾರ ಬೂಟು ಹಾಕ್ಕೊಂಡು ಹೊರಟಿದ್ದೆ, ಆಗ್ಲೂ ನೀನೇ ನಿಲ್ಲಿಸಿದೆ. ಪುಸ್ತಕ ನಾನು ತುಂಬ್ತೀನಿ, ಬಿಸಿಲಲ್ಲಿ ಯಾಕೆ ಸಾಯ್ತೀಯ ಅಂದೆ. ನಾನು ಹೋಗ್ತಿದ್ನೋ ಏನೋ. ಅದು ಈಗ ನಿನಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ."

ಆ ಬೂಟಿನ ದಿನ ಆಕೆಗೆ ಚೆನ್ನಾಗಿ ನೆನಪಿತ್ತು. ಬೆಳಿಗ್ಗೆ ಬರೆಯಲು ಕೂತಾಗ ಉಂಡು ಬಿಟ್ಟ ತಟ್ಟೆ ನೆನಪಾಗಿತ್ತು, ಗುಂಡಿಯ ಜಗಳ ನೆನಪಾಗಿತ್ತು, ಇದು ಮಾತ್ರ ನೆನಪಾಗಿರಲಿಲ್ಲ. ಹುಡುಗಿ ಒಳಗೆ ಹೋದಳು. ಬಾಗಿಲನ್ನು ಬಡಿಯಲಿಲ್ಲ, ಮೆಲ್ಲಗೆ ಮುಂದೆ ಮಾಡಿಕೊಂಡಳು.

ಆಕೆ ಅಕ್ಕನ ಕಡೆ ನೋಡಿದಳು. ಬೈದರೆ ಸಾಕಿತ್ತು. ನಿನಗಾಗಿ ನಾನು ಶಾಲೆ ಬಿಟ್ಟೆ ಎಂದು ಒಂದೇ ಒಂದು ಸಲ, ಈಗಲಾದರೂ ಎತ್ತಿ ಆಡಿದ್ದರೆ ಎದೆಯ ಭಾರ ಇಳಿಯುತ್ತಿತ್ತು. ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

"ಇವತ್ತು ನೀನು ಮಾಡಿದ್ದು ಸರಿ," ಎಂದಳು. "ಅವಳು ಹೇಳಿದ್ದೂ ಸರಿ. ನಿನ್ನನ್ನ ಓದಿಸಿದ್ದು ಒಳ್ಳೇದಾಯ್ತೋ ಇಲ್ವೋ ಅಂತ ನಂಗೇ ತಿಳೀತಿಲ್ಲ ಕಣೇ."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ, ಓದಿದವಳು ತಂಗಿಯೇ ಅಲ್ಲವೇ ಎಂದು ಅವಳನ್ನೇ ಕೇಳಿದ ಹಾಗಿತ್ತು. ತಂಗಿ ಬಾಗಿಲಲ್ಲೇ ನಿಂತಿದ್ದಳು. ಅಕ್ಕ ಕನ್ನಡಕ ಹಾಕಿಕೊಂಡು ಉತ್ತರಕ್ಕೆ ಕಾಯುತ್ತಿದ್ದಳು.