ಎಳೆ ತಾಗುವ ಮುನ್ನ

ಮರ ಕೊಯ್ಯುವ ಗರಗಸದ ಮುಂದೆ ನಿಲ್ಲುವವನಿಗೆ ಎರಡೂ ಕಣ್ಣು ನೆಟ್ಟಗಿರಬೇಕು ಎನ್ನುವುದು ಭಾವನ ಕಟ್ಟಪ್ಪಣೆ. ಹಿಂದಿನವನನ್ನು ಕಣ್ಣು ಮಂಜಾದ ದಿನವೇ ಹಲಗೆ ಪೇರಿಸಲು ಅಟ್ಟಿದ್ದ. ಈಗ ಆ ಜಾಗದಲ್ಲಿ ನಿಲ್ಲುವವನು ಅವನು. ಮಿಲ್ಲು ಭಾವನದು, ಇರುವ ಮನೆಯೂ ಅಕ್ಕ-ಭಾವನದೇ. ಹಾಗಾಗಿ ತನ್ನ ಎಡಗಣ್ಣು ಹಿಂದೆಯೂ ಈಗಿನ ಹಾಗೆಯೇ ಕೆಂಪಾಗಿ ನೀರು ಸುರಿಸಿದ್ದನ್ನು ಅವನು ಅಕ್ಕನಿಗೂ ಹೇಳಿರಲಿಲ್ಲ. ಊರಿಗೆಂದು ಹೇಳಿ ಹೋಗಿ, ಔಷಧಿ ಅಂಗಡಿಯ ಹನಿ ಹಾಕಿಕೊಂಡು, ಕೆಂಪು ಇಳಿದ ಮೇಲೆ ಬಂದು ದಿಮ್ಮಿಗೆ ಕೈ ಹಚ್ಚುತ್ತಿದ್ದ.

ಈ ಸಲ ಬಚ್ಚಿಡಲಾಗಲಿಲ್ಲ. ಭಾವನೇ ಕಣ್ಣಾಸ್ಪತ್ರೆಗೆ ಎಳೆದುಕೊಂಡು ಬಂದು, ಪರೀಕ್ಷೆಯ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಸ್ಟೂಲು ಹಾಕಿ ಕೂತ.

"ಮರದ ಹೊಟ್ಟು ಬಿದ್ದಿರತ್ತೆ ಡಾಕ್ಟ್ರಮ್ಮ. ನಮ್ಮನೇಲಿ ಅನ್ನದೊಳಗೂ ಅದೇ," ಎಂದ ಭಾವ.

ವೈದ್ಯೆ ನಗುತ್ತಲೇ ಕಣ್ಣಿಗೆ ಕಿತ್ತಳೆ ಬಣ್ಣ ಮುಟ್ಟಿಸಿ, ಅವನ ಗದ್ದವನ್ನು ಯಂತ್ರದ ತಟ್ಟೆಯ ಮೇಲಿಡಿಸಿ, ನೀಲಿ ಬೆಳಕು ಬಿಟ್ಟು ನೋಡಿದರು. "ಹೊಟ್ಟಲ್ಲ. ಎಲೆ ಉದುರಿದ ಕೊಂಬೆ ಥರ ಗಾಯ. ಹರ್ಪಿಸ್ ಅಂತ, ತುಟಿ ಮೇಲೆ ಗುಳ್ಳೆ ಎಬ್ಬಿಸೋ ವೈರಸ್ಸು. ಮುಂಚೆ ಯಾವಾಗಲಾದ್ರೂ ಬಂದಿತ್ತಾ?"

"ಇಲ್ಲ. ಇದೇ ಮೊದಲು," ಎಂದ ಅವನು.

ಸ್ಪರ್ಶ ಗೊತ್ತಾಗುತ್ತದೆಯೇ ಎಂದು ನೋಡಲು ವೈದ್ಯೆ ಹತ್ತಿಯ ತುದಿಯನ್ನು ನೂಲಿನ ಹಾಗೆ ಹೊಸೆದು ಬಲಗಣ್ಣಿನ ಗುಡ್ಡೆಗೆ ತಾಗಿಸಿದರು. ರೆಪ್ಪೆ ತಾನಾಗಿ ಫಟ್ಟನೆ ಮುಚ್ಚಿತು. ಓ, ಹೀಗೆ ಮುಚ್ಚಬೇಕು ಎಂದುಕೊಂಡ. ಎಡಗಣ್ಣಿನ ಮಂಜಿನಲ್ಲಿ ಬಿಳಿಯದೇನೋ ಹತ್ತಿರ ಬಂತು. ರೆಪ್ಪೆ ಬಡಿದ.

"ಇನ್ನೂ ಮುಟ್ಟೇ ಇಲ್ವಲ್ಲಪ್ಪ."

ಈ ಸಲ ಎಳೆ ಪಕ್ಕದಿಂದ, ಅವನಿಗೆ ಕಾಣದ ಹಾಗೆ ಬಂತು. ತಾಗಲೆಂದು ಅವನು ಕಾದೇ ಕಾದ.

"ಆಗಲೇ ಮುಟ್ಟಿ ತೆಗೆದೆ," ಎಂದರು ವೈದ್ಯೆ. "ಮೊದಲ ಸಲಕ್ಕೇ ಇಷ್ಟು ಜೋಮು ಹಿಡಿಯೋದು ಕಡಿಮೆ. ಒಳಗೆ ಹಳೇ ಕಲೆ ಬೇರೆ ಇದೆ. ಮೊದಲನೇದಾದ್ರೆ ಈ ಗಾಯ ಮಾಯಿಸಿ ಕಳಿಸ್ತೀನಿ. ಮರುಕಳಿಸ್ತಿದ್ರೆ ತಿಂಗಳುಗಟ್ಟಲೆ ಮಾತ್ರೆ ಬೇಕು, ಇಲ್ಲಾಂದ್ರೆ ಕಲೆ ಕಣ್ಣಿನ ನಡುಮಧ್ಯಕ್ಕೇ ಬಂದು ಕೂತು ದೃಷ್ಟಿ ಹೋಗತ್ತೆ. ಎಷ್ಟನೇ ಸಲ, ಹೇಳಿ?"

ಅವನ ಗದ್ದ ಇನ್ನೂ ಯಂತ್ರದ ತಟ್ಟೆಯ ಮೇಲಿತ್ತು, ಹಣೆ ಪಟ್ಟಿಗೆ ಒತ್ತಿತ್ತು. ಮುಖ ತಿರುಗಿಸುವಂತಿರಲಿಲ್ಲ. ಬೆನ್ನ ಹಿಂದೆ ಸ್ಟೂಲು ಕಿರುಗುಟ್ಟಿತು.

"ಹೇಳೋ ಮಾರಾಯ, ಬಾಯಿಗೂ ಜೋಮು ಹಿಡೀತಾ?" ಎಂದ ಭಾವ.

"ಮೂರನೇದು."

ವೈದ್ಯೆ ಬರೆಯತೊಡಗಿದರು. ಭಾವ ಗಂಟಲು ಸರಿಮಾಡಿಕೊಂಡ.

"ನಾಳೆಯಿಂದ ಹಲಗೆ ಪೇರಿಸು. ನಿಮ್ಮಕ್ಕನಿಗೆ ನೀನೇ ಹೇಳ್ಬೇಕು, ನನ್ನ ಕೈಲಾಗಲ್ಲ."

ಎದ್ದರೆ ಭಾವ ಕೂತಿದ್ದ ಬಾಗಿಲಿನತ್ತಲೇ ತಿರುಗಬೇಕಿತ್ತು. ಅವನು ಗದ್ದವನ್ನು ತಟ್ಟೆಯ ಮೇಲೇ ಇಟ್ಟುಕೊಂಡು ಕೂತ.