ರಬ್ಬರಿನ ಬೆವರು

ಅಂಗಳದಿಂದ ಕರಕರ ಸದ್ದು ಬಂದಾಗ ಅತ್ತೆ ಈರುಳ್ಳಿ ಹೆಚ್ಚುತ್ತಿದ್ದರು. ಯಾರೋ ತುಕ್ಕು ಹಿಡಿದ ಗೇಟು ಕೆರೆಯುತ್ತಿರಬೇಕು ಎಂದುಕೊಂಡು ಅಡುಗೆಮನೆಯ ಕಿಟಕಿಯಿಂದ ಇಣುಕಿದರೆ, ಗೇಟಲ್ಲ, ಕಾರು. ಅಳಿಯ ಮುಂದಿನ ಚಕ್ರದೆದುರು ಕುಕ್ಕರುಗಾಲಲ್ಲಿ ಕೂತು ತಂತಿಬ್ರಷ್ಷಿನಿಂದ ಟೈರನ್ನು ಉಜ್ಜುತ್ತಿದ್ದ. ಪಕ್ಕದಲ್ಲಿ ಸೀಮೆಎಣ್ಣೆಯ ಡಬ್ಬಿ, ಅದರ ಪಕ್ಕದಲ್ಲಿ ಕಕ್ಕಸು ತೊಳೆಯುವ ಆಸಿಡ್ಡಿನ ಬಾಟಲಿ. ಹತ್ತು ಗಂಟೆಯ ಬಿಸಿಲು ನೆಟ್ಟಗೆ ಬಂದು ಟೈರಿನ ಮೇಲೆ ಬೀಳುತ್ತಿತ್ತು.

ಅತ್ತೆ ಕಿಟಕಿ ಮುಚ್ಚಿಬಿಡೋಣ ಎಂದುಕೊಂಡರು. ಅವರಿಬ್ಬರ ನಡುವೆ ಮಾತು ನಿಂತು ಏಳು ತಿಂಗಳಾಗಿತ್ತು. ಬಣ್ಣದಂಗಡಿಯ ಗಲ್ಲಾದ ಮೇಲಿನ ಕೆಲಸ ಬಿಟ್ಟು ಅಳಿಯ ಈ ಹಳೇ ಕಾರನ್ನು ತಂದು ನಿಲ್ಲಿಸಿದ ದಿನ, ಅತ್ತೆ ನಾಲ್ಕು ಜನರೆದುರಿಗೇ, "ಕೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ್ರಂತೆ" ಎಂದಿದ್ದರು. ಅವನೂ ಬಿಡಲಿಲ್ಲ. "ಬಟ್ಟೆ ಒಗೆಯೋದು ಬಿಟ್ರೆ ಅತ್ತೆಗೆ ಬೇರೇನು ಗೊತ್ತು?" ಎಂದುಬಿಟ್ಟ. ದೊಡ್ಡಾಸ್ಪತ್ರೆಯ ಧೋಬಿಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರಿಗೆ ಆ ಮಾತು ಬೆರಳುಗುರಿನ ಸಂದಿಗೆ ಸೂಜಿ ಹೋದ ಹಾಗೆ ಆಗಿತ್ತು. ಅಂದಿನಿಂದ ಎರಡಡಿ ದೂರದಲ್ಲಿ ನಿಂತುಕೊಂಡೇ, "ಊಟಕ್ಕೆ ಬರೋಕೆ ಹೇಳು ಅವರಿಗೆ", "ಆಮೇಲೆ ಬರ್ತೀನಂತ ಹೇಳು ನಿಮ್ಮಮ್ಮಂಗೆ" ಎಂದು ಎಲ್ಲವೂ ಮಗಳ ಮೂಲಕವೇ. "ನಾನೇನು ಟೆಲಿಫೋನ್ ತಂತಿನಾ?" ಎಂದು ಮಗಳು ಎಷ್ಟು ಸಲ ಗೊಣಗಿದ್ದಳೋ. ಇವತ್ತು ಆ ತಂತಿಯೂ ಬೆಳಗ್ಗೆ ಏಳಕ್ಕೇ ಕೆಲಸಕ್ಕೆ ಹೊರಟುಹೋಗಿತ್ತು.

ಹಾಳಾಗಿ ಹೋಗಲಿ, ಅವರ ಕಾರು, ಅವರ ಟೈರು ಎಂದು ಕಿಟಕಿಯ ಚಿಲಕಕ್ಕೆ ಕೈಹಾಕಿದರು. ಅಷ್ಟರಲ್ಲಿ ಅಳಿಯ ಆಸಿಡ್ ಬಾಟಲಿಯ ಮುಚ್ಚಳ ತಿರುಗಿಸತೊಡಗಿದ. ಆಮೇಲೆ ಅತ್ತೆಯ ಕಾಲು ಅವರ ಮಾತು ಕೇಳಲಿಲ್ಲ.

"ನಿಲ್ಸೀ!"

ಅಳಿಯ ಬೆಚ್ಚಿಬಿದ್ದು ಹಿಂದೆ ಮುಂದೆ ನೋಡಿದ. ಹೆಂಡತಿ ಎಲ್ಲೂ ಇಲ್ಲ. ಬಾಗಿಲಲ್ಲಿ ಅತ್ತೆ, ಕೈಯಲ್ಲಿ ಈರುಳ್ಳಿ ಹೆಚ್ಚುವ ಚಾಕು.

"ನನಗಾ ಹೇಳಿದ್ದು?"

"ಅಲ್ಲ, ಬಾಟ್ಲಿಗೆ."

ಅವನು ಮುಚ್ಚಳವನ್ನು ಮೆಲ್ಲಗೆ ವಾಪಸು ತಿರುಗಿಸಿದ. ಅತ್ತೆ ಚಾಕುವನ್ನು ಮೆಟ್ಟಿಲ ಮೇಲಿಟ್ಟು ಹತ್ತಿರ ಬಂದು ಟೈರನ್ನು ನೋಡಿದರು. ಕಪ್ಪಗಿರಬೇಕಾದದ್ದು ಒಣಗಿದ ಕೆಸರಿನಂತೆ ಕಂದು ತಿರುಗಿತ್ತು. ತಂತಿ ಆಡಿದ ಕಡೆಯೆಲ್ಲ ಗೀರು.

"ಒಂದು ಗಂಟೆಗೆ ಕಣ್ಣಾಸ್ಪತ್ರೆಯೋರು ಕಾರು ನೋಡ್ತಾರೆ ಅತ್ತೆ. ಆಪರೇಶನ್ ಆದವರನ್ನ ಮನೆಗೆ ಬಿಡೋ ಕೆಲಸ, ದಿನಾ ಇರುತ್ತೆ. ನೆನ್ನೆಯಿಂದ ಸೋಪು ಸವರ್ತಾನೇ ಇದೀನಿ, ಈ ದರಿದ್ರ ಬಣ್ಣ ಹೋಗ್ತಿಲ್ಲ. ಬೇರೆ ಯಾರಾದ್ರೂ ಆಗಿದ್ರೆ ಕಣ್ಣು ತಪ್ಪಿಸಬಹುದಿತ್ತು. ಇವರು ಕಣ್ಣಾಸ್ಪತ್ರೆಯೋರು!"

ಅತ್ತೆಗೆ ನಗು ಬಂತು. ಏಳು ತಿಂಗಳ ಸಿಟ್ಟನ್ನು ಒಂದು ನಗೆಗೆ ಬಿಟ್ಟುಕೊಡುವುದು ಸರಿಯಲ್ಲವೆಂದು ಕೆಮ್ಮಿನೊಳಗೆ ಅದನ್ನು ಅಡಗಿಸಿದರು.

"ಇದು ಹೊರಗಿಂದ ಬಂದ ಕೊಳೆ ಅಲ್ಲ. ರಬ್ಬರಿನ ಬೆವರು. ಬಿಸಿಲಿಗೆ ಒಡೀಬಾರದು ಅಂತ ರಬ್ಬರಿಗೆ ಏನೋ ಮದ್ದು ಸೇರಿಸಿರ್ತಾರೆ. ಅದು ಒಳಗಿಂದ ಮೇಲಕ್ಕೆ ಬಂದು, ಗಾಳಿ ತಾಗಿ ಕಂದಾಗುತ್ತೆ. ವಾರ್ಡುಗಳಿಂದ ನಮ್ಮಲ್ಲಿಗೆ ಬರ್ತಿದ್ದ, ಹಾಸಿಗೆ ಮೇಲೆ ಹಾಸೋ ರಬ್ಬರ್ ಶೀಟುಗಳೂ ಹಿಂಗೇ ಆಗ್ತಿದ್ವು. ಹೊಸದಾಗಿ ಸೇರಿದವಳೊಬ್ಬಳು ಬೇಗ ಆಗ್ಲಿ ಅಂತ ಸೀಮೆಎಣ್ಣೇಲಿ ಒರೆಸಿದಳು. ತಿಂಗಳೊಳಗೆ ಎಲ್ಲ ಬಿರುಕು ಬಿಟ್ಟು, ಹಾಸಿಗೆಯೆಲ್ಲ ಒದ್ದೆ. ಆಸಿಡ್ ಹಾಕಿದ್ರೆ ಟೈರೂ ಹೋಗುತ್ತೆ, ಚಕ್ರದ ಹೊಳಪೂ ಹೋಗುತ್ತೆ, ನಿಮ್ಮ ಕೈ ಚರ್ಮ ಸುಡೋದಂತೂ ಇದ್ದೇ ಇದೆ."

"ಮತ್ತೇನು ಮಾಡೋದು?"

"ಮೊದಲು ಕಾರನ್ನ ನೆರಳಿಗೆ ತನ್ನಿ. ಬಿಸಿ ರಬ್ಬರಿನ ಮೇಲೆ ಸೋಪು ಹಾಕಿದ ತಕ್ಷಣ ಒಣಗುತ್ತೆ, ಕಲೆ ಅಲ್ಲೇ ಕೂತ್ಕೊಳ್ಳುತ್ತೆ."

ಅವನು ಕಾರನ್ನು ಗೋಡೆಯ ನೆರಳಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟ. ಅತ್ತೆ ಒಳಗಿನಿಂದ ಪಾತ್ರೆ ತೊಳೆಯುವ ಸೋಪಿನ ನೀರು, ಎರಡು ಜೊತೆ ರಬ್ಬರ್ ಗ್ಲೌಸು ಮತ್ತು ನೈಲಾನ್ ಎಳೆಯ ಎರಡು ಬ್ರಷ್ಷು ತಂದರು. ನಿವೃತ್ತಿಯ ದಿನ ಧೋಬಿಖಾನೆಯಿಂದ ಎತ್ತಿಕೊಂಡು ಬಂದಿದ್ದ ಬ್ರಷ್ಷುಗಳವು. ಇಷ್ಟು ವರ್ಷ ಏನಕ್ಕೂ ಬಳಸಿರಲಿಲ್ಲ.

ಮೊದಲು ನೀರು ಹೊಯ್ದು ಧೂಳು ಇಳಿಸಿದರು. ಸೋಪು ಸವರಿ, ಕಲೆ ನೆನೆಯಲೆಂದು ಒಂದು ನಿಮಿಷ ಸುಮ್ಮನೆ ಕೂತರು. ಆಮೇಲೆ ಸುತ್ತಿ ಸುತ್ತಿ ಉಜ್ಜಿದರೆ ಚಹಾದ ಚರಟದಂಥ ನೊರೆ ಬಂತು. ಅಳಿಯ ಕುಣಿಯುವುದೊಂದು ಬಾಕಿ. "ಬಂತು ಅತ್ತೆ, ಬಂತು!" ಎಂದು ಎದ್ದು ಇನ್ನೊಂದು ಚಕ್ರಕ್ಕೆ ಹೊರಟೇಬಿಟ್ಟ.

"ಎಲ್ಲಿಗೆ? ಇನ್ನೂ ಎರಡು ಸಲ ಇದೆ. ನೊರೆ ಬೆಳ್ಳಗಾಗೋ ತನಕ ಬಿಡಬಾರದು. ನೀವು ನೆನ್ನೆಯಿಂದ ಸೋಪು ಹಾಕಿದ್ದು ನಿಜ, ಆದ್ರೆ ಒಂದೇ ಸಲಕ್ಕೆ ಕೈ ತೊಳ್ಕೊಂಡ್ರಿ."

ಮೂರನೆಯ ಸಲಕ್ಕೆ ನೊರೆ ಬೆಳ್ಳಗೆ ಬಂತು. ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಕೂತರು. ಎರಡನೇ ಟೈರಿನ ಹೊತ್ತಿಗೆ ಅಳಿಯನ ಕೈ ಸೋತು, ಬ್ರಷ್ಷು ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ ಓಡಾಡತೊಡಗಿತು. ಅತ್ತೆಯ ಕೈ ಮಾತ್ರ ಗಡಿಯಾರದ ಮುಳ್ಳಿನಂತೆ ಒಂದೇ ಲಯದಲ್ಲಿ ತಿರುಗುತ್ತಿತ್ತು. ಅವನು ಆಚೆ ಬದಿಯಿಂದ ಬಗ್ಗಿ, ಕಾರಿನಡಿಯ ಸಂದಿಯಲ್ಲಿ ಅದನ್ನೇ ನೋಡುತ್ತಿದ್ದ.

"ಮೂವತ್ತೊಂದು ವರ್ಷ ಹಿಂಗೇ ಮಾಡಿದ್ರಾ ಅತ್ತೆ?"

"ಹಿಂಗೆಲ್ಲಿ? ಇದು ಬರೀ ನಾಲ್ಕು."

ಅವನು ಎದ್ದು ಬಂದು ಅತ್ತೆಯ ಬಕೆಟ್ಟಿನ ಕೊಳೆನೀರು ಚೆಲ್ಲಿ ಹೊಸ ನೀರು ತುಂಬಿಟ್ಟು ಹೋದ. ಅತ್ತೆಗೆ ಅಷ್ಟು ಸಾಕಾಯಿತು. ಸಾಕಾಯಿತೆಂದು ತೋರಿಸಿಕೊಳ್ಳದೆ, "ಅರ್ಧ ತುಂಬಿದ್ರೆ ಆಗ್ತಿತ್ತು" ಎಂದರು.

ನಾಲ್ಕೂ ಟೈರು ಒರೆಸಿ ಒಣಗಿಸಿದ ಮೇಲೆ ಅಳಿಯ ಪಾಲಿಶಿನ ಬಾಟಲಿ ತಂದ. ಅತ್ತೆ ಮೂಸಿ ನೋಡಿದರು. "ಎಣ್ಣೆಯದ್ದಲ್ಲ, ನೀರಿನದ್ದೇ. ಪರವಾಗಿಲ್ಲ. ತೆಳ್ಳಗೆ ಹಚ್ಚಿ. ನೆಲ ಮುಟ್ಟೋ ಭಾಗಕ್ಕೆ..."

"ಒಂದು ಹನಿಯೂ ಬೀಳಬಾರದು. ಬ್ರೇಕಿಗೂ ತಾಗಬಾರದು. ಜಾರಿದ್ರೆ ಮುಗೀತು ಕಥೆ. ಇದು ನನಗೆ ಗೊತ್ತು ಅತ್ತೆ."

"ಅಬ್ಬಾ, ಒಂದಾದ್ರೂ ಗೊತ್ತಲ್ಲ."

ಮೂರು ಟೈರು ಮುಗಿದವು. ನಾಲ್ಕನೆಯದರ ಮುಂದೆ ಅವನ ಕೈ ತಡೆಯಿತು. ಕಂದು ಬಣ್ಣ ಹೋದ ಜಾಗದಲ್ಲಿ, ಟೈರಿನ ಪಕ್ಕದ ಮೈಯುದ್ದಕ್ಕೂ ಬಿರುಕು. ಒಂದೆರಡು ಕಡೆ ಉಗುರು ಇಳಿಯುವಷ್ಟು ಆಳ. ಇಷ್ಟು ದಿನ ಕಲೆಯೇ ಅದನ್ನು ಮುಚ್ಚಿಟ್ಟಿತ್ತು. ಅವನು ಸ್ಪಂಜಿನ ತುದಿಯಿಂದ ಒಂದಿಷ್ಟು ಪಾಲಿಶು ತಾಗಿಸಿದ. ಅಷ್ಟರ ಮಟ್ಟಿಗೆ ಬಿರುಕು ಮಾಯ.

"ಬಳಿದ್ರೆ ಕಾಣಲ್ಲ" ಎಂದ, ತನಗೇ ಹೇಳಿಕೊಳ್ಳುವವನಂತೆ.

ಅತ್ತೆಯ ನಾಲಿಗೆ ತುದಿಗೆ ಹತ್ತು ಮಾತು ಬಂದವು. ಇದೇ ಕಾರಿನ ವಿಷಯಕ್ಕೆ ಒಮ್ಮೆ ಒಂದು ಮಾತು ಹೆಚ್ಚಾಡಿ ಏಳು ತಿಂಗಳು ಬಾಯಿ ಕಟ್ಟಿಕೊಂಡದ್ದು ನೆನಪಾಗಿ ಬಕೆಟ್ಟಿನತ್ತ ತಿರುಗಿದರು. ಬ್ರಷ್ಷನ್ನು ತೊಳೆದರು. ತೊಳೆದದ್ದನ್ನೇ ಮತ್ತೊಮ್ಮೆ ತೊಳೆದರು.

ಅಳಿಯ ಸ್ಪಂಜನ್ನು ಬಕೆಟ್ಟಿಗೆ ಎಸೆದು, ಡಿಕ್ಕಿ ತೆಗೆದು, ಜಾಕು ಹೊರಗೆಳೆದ.

ಸ್ಟೆಪ್ನಿಯ ರಬ್ಬರು ಗಟ್ಟಿಯಾಗಿತ್ತು, ಗಾಳಿಯೂ ಸರಿಯಾಗಿತ್ತು. ಆದರೆ ಬಣ್ಣ ಮಾತ್ರ ಅಪ್ಪಟ ಕಂದು. ತೊಳೆಯಲು ಹೊತ್ತಿರಲಿಲ್ಲ, ನಟ್ಟು ಬಿಗಿಯುವ ಹೊತ್ತಿಗೇ ಹನ್ನೆರಡೂವರೆ. ಇಬ್ಬರೂ ದೂರ ನಿಂತು ನೋಡಿದರು.

"ಮೂರು ಕಾಲಿಗೆ ಬೂಟು, ಒಂದು ಕಾಲಿಗೆ ಹವಾಯಿ ಚಪ್ಪಲಿ" ಎಂದರು ಅತ್ತೆ.

ಅಳಿಯ ಜೋರಾಗಿ ನಕ್ಕ. ಅತ್ತೆಗೂ ಈ ಸಲ ಕೆಮ್ಮಲು ಆಗಲಿಲ್ಲ.

"ನೀವೂ ಬನ್ನಿ ಅತ್ತೆ. ಒಬ್ಬನೇ ಹೋದ್ರೆ ನನಗೆ ಬಾಯಿ ಒಣಗುತ್ತೆ."

ಈ ಕಾರಿಗೆ ಕಾಲಿಡುವುದಿಲ್ಲವೆಂದು ಅತ್ತೆ ಮಗಳ ಮುಂದೆ ಶಪಥ ಮಾಡಿದ್ದರು. ಮಗಳು ಮನೆಯಲ್ಲಿರಲಿಲ್ಲ. "ಬಟ್ಟೆ ಬದಲಾಯಿಸ್ಕೊಂಡು ಬರ್ತೀನಿ" ಎಂದರು.

ಕಣ್ಣಾಸ್ಪತ್ರೆಯ ಮೇಟ್ರನ್ ಐವತ್ತೈದರ ಆಸುಪಾಸಿನ ದಪ್ಪನೆಯ ಹೆಂಗಸು. ಅವರು ಬಾನೆಟ್ಟನ್ನೂ ನೋಡಲಿಲ್ಲ, ಟೈರನ್ನೂ ನೋಡಲಿಲ್ಲ. ಹಿಂದಿನ ಬಾಗಿಲು ತೆಗೆದು ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಆಮೇಲೆ ಜೇಬಿನಿಂದ ಬ್ಯಾಂಡೇಜು ತೆಗೆದು ತಮ್ಮ ಎರಡೂ ಕಣ್ಣಿಗೆ ತಾವೇ ಕಟ್ಟಿಕೊಂಡು, "ನಡೀರಿ, ಒಂದು ಸುತ್ತು" ಎಂದರು.

ಅಳಿಯ ಅತ್ತೆಯ ಮುಖ ನೋಡಿದ. ಅತ್ತೆ ಮುಂದಿನ ಸೀಟಿನಿಂದ ಕಣ್ಣಲ್ಲೇ, ಹೊರಡಿ, ಎಂದರು.

ಮಾರುಕಟ್ಟೆ ರಸ್ತೆ, ರೈಲ್ವೆ ಗೇಟು, ಅಗೆದುಬಿಟ್ಟ ಗಲ್ಲಿ. ಮೇಟ್ರನ್ ಕಣ್ಣು ಕಟ್ಟಿಕೊಂಡು ಕಲ್ಲಿನ ಹಾಗೆ ಕೂತಿದ್ದರು. ಒಂದು ಕಡೆ ತಟ್ಟನೆ ಕೇಳಿದರು: "ಹಿಂದೆ ಬಲಗಡೆ ಏನೋ ಗುಂಯ್ ಅಂತಿದೆಯಲ್ಲ?"

"ಸ್ಟೆಪ್ನಿ ಮೇಡಂ. ಅಲ್ಲಿದ್ದ ಟೈರು ಬಿರುಕು ಬಿಟ್ಟಿತ್ತು. ಬೆಳಗ್ಗೆ ತೊಳೆಯುವಾಗ ಗೊತ್ತಾಯ್ತು, ತೆಗೆದುಬಿಟ್ಟೆ."

"ಯಾರು ತೊಳೆದದ್ದು?"

"ನಮ್ಮತ್ತೆ. ನಾನು ನೀರು ಹಾಕಿದೆ."

ಅತ್ತೆ ಕಿಟಕಿಯಾಚೆ ನೋಡುತ್ತ ಕೂತರು. ಕಿವಿ ಬಿಸಿಯಾಗಿತ್ತು.

ಆಸ್ಪತ್ರೆಯ ಬಾಗಿಲಿಗೆ ಬಂದ ಮೇಲೆ ಮೇಟ್ರನ್ ಬ್ಯಾಂಡೇಜು ಬಿಚ್ಚಿ ಕಣ್ಣು ಪಿಳಿಪಿಳಿ ಮಾಡಿದರು. "ಇವತ್ತು ಬಂದವರಲ್ಲಿ ನನ್ನ ತಲೆ ಗಾಜಿಗೆ ಬಡಿಯದೇ ಇದ್ದದ್ದು ನಿಮ್ಮ ಕಾರಲ್ಲೇ. ಸೋಮವಾರ ಎಂಟಕ್ಕೆ ಬನ್ನಿ, ಆ ಟೈರಿಗೊಂದು ವ್ಯವಸ್ಥೆ ಮಾಡ್ಕೊಂಡು." ಹೊರಟವರು ತಿರುಗಿದರು. "ಈಗ ಪುರುಸೊತ್ತಿದೆಯಾ? ಒಳಗೊಬ್ಬರು ಅಜ್ಜ ಬೆಳಗ್ಗೆಯಿಂದ ಕಾಯ್ತಿದ್ದಾರೆ. ಮಗ ಬರೋದು ಸಂಜೆಯಂತೆ."

ಒಂದು ಕಣ್ಣಿಗೆ ಹಸಿರು ಪಟ್ಟಿ ಕಟ್ಟಿದ ಅಜ್ಜನನ್ನು ಇಬ್ಬರೂ ಸೇರಿ ಹಿಂದಿನ ಸೀಟಿನಲ್ಲಿ ಕೂರಿಸಿದರು. ಅಜ್ಜ ವಾಲಿಬಿಟ್ಟಾರೆಂದು ಅತ್ತೆಯೂ ಹಿಂದೆಯೇ ಕೂತರು. ಎರಡು ಬೀದಿ ದಾಟುವಷ್ಟರಲ್ಲಿ ಅಜ್ಜನಿಗೆ ನಿದ್ದೆ ಹತ್ತಿ, ತಲೆ ಮೆಲ್ಲಗೆ ಅತ್ತೆಯ ಭುಜಕ್ಕೆ ಬಂದು ಕೂತಿತು. ಅತ್ತೆ ಅಲುಗಾಡಲಿಲ್ಲ. ಮುಂದೊಂದು ರಸ್ತೆಯುಬ್ಬು ಕಂಡಿತು. ಅಳಿಯ ಕನ್ನಡಿಯಲ್ಲೊಮ್ಮೆ ಹಿಂದೆ ನೋಡಿ ವೇಗ ಇಳಿಸಿದ, ಇನ್ನೂ ಇಳಿಸಿದ. ಸೈಕಲ್ಲಿನಲ್ಲಿ ಬರುತ್ತಿದ್ದ ಹೆಂಗಸೊಬ್ಬಳು ಗಂಟೆ ಬಾರಿಸಿಕೊಂಡು ಕಾರನ್ನು ದಾಟಿ, ಉಬ್ಬು ಹತ್ತಿ ಇಳಿದು, ಮುಂದಕ್ಕೆ ಹೋದಳು.