ರಕ್ತ ಕಂಡರಾಗದ ಹಾಜಿ

ಮಸಾಕಾ ಊರಿನ ಅಂಚಿಗೆ, ಗುಡ್ಡದ ಮೇಲಿದ್ದ ಆ ಕೇರಿಯಲ್ಲಿ ಮುನೀರು ಕವುಮಾನನ್ನು ಎಲ್ಲರೂ ಹಾಜಿ ಎಂದೇ ಕರೆಯುತ್ತಿದ್ದರು. ಮೆಕ್ಕಾ ಹಾಗಿರಲಿ, ಅವನು ವಿಮಾನ ನಿಲ್ದಾಣವನ್ನೂ ಒಳಗಿನಿಂದ ನೋಡಿದವನಲ್ಲ. ಆದರೆ ಕೇರಿಗೆಲ್ಲ ಇದ್ದದ್ದು ಅವನದೊಂದೇ ಮುಸ್ಲಿಂ ಮನೆ, ಉಳಿದವರೆಲ್ಲ ಕ್ಯಾಥೊಲಿಕರು. ಇರುವುದೇ ಒಬ್ಬ, ಅವನಾದರೂ ಪೂರ್ತಿ ಮುಸ್ಲಿಮನಾಗಿರಬೇಡವೇ ಎಂದು ಅವರೇ ತೀರ್ಮಾನಿಸಿ ಆ ಬಿರುದು ಕೊಟ್ಟಿದ್ದರು. ಮೊದಮೊದಲು ಅವನು, "ನಾನು ಹಜ್‌ಗೆ ಹೋಗಿಲ್ಲ ಕಣ್ರೀ" ಎಂದು ತಿದ್ದಿ ನೋಡಿದ. "ನೋಡಿ, ಎಷ್ಟು ವಿನಯ!" ಎಂದು ಅವರು ಇನ್ನಷ್ಟು ಗಟ್ಟಿಯಾಗಿ ಹಾಜಿ ಎಂದರು.

ಅವನ ಕೆಲಸ ಊರಿನ ರೇಡಿಯೋದಲ್ಲಿ ಸಾವಿನ ಸುದ್ದಿ ಓದುವುದು. ಇಂಥವರ ತಂದೆ, ಇಂಥವರ ಸೋದರಮಾವ, ದೀರ್ಘ ಕಾಯಿಲೆಯಿಂದ ತೀರಿಕೊಂಡರು, ಮಣ್ಣು ನಾಳೆ ಮಧ್ಯಾಹ್ನ. ಅವನ ದನಿ ಎಷ್ಟು ಗಂಭೀರವಾಗಿತ್ತೆಂದರೆ, ಅದು ಕಿವಿಗೆ ಬಿದ್ದೊಡನೆ ಸುತ್ತಲಿನ ಹಳ್ಳಿಗಳ ಅಡುಗೆಮನೆಗಳಲ್ಲಿ ಸೌಟು ಆಡುವುದು ನಿಲ್ಲುತ್ತಿತ್ತು. ಆದರೆ ಸಾವನ್ನು ಬಾಯಲ್ಲಿ ಹೇಳಬಲ್ಲವನೇ ಹೊರತು ಕಣ್ಣಲ್ಲಿ ನೋಡಬಲ್ಲವನಲ್ಲ. ಹೆಂಡತಿ ಈರುಳ್ಳಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ ಇವನು ಗೋಡೆ ಹಿಡಿದು ಕುಳಿತುಬಿಡುತ್ತಿದ್ದ. ಆಮೇಲೆ ಅವಳು ಒಂದು ಕೈಯಲ್ಲಿ ಬೆರಳು ಒತ್ತಿಕೊಂಡು ಇನ್ನೊಂದು ಕೈಯಲ್ಲಿ ಇವನಿಗೆ ನೀರು ಕುಡಿಸಬೇಕು.

ಇದು ಕೇರಿಯವರಿಗೆ ಗೊತ್ತಿರಲಿಲ್ಲ. ಮುಸ್ಲಿಮನೆಂದರೆ ಕತ್ತಿ ಹಿಡಿದೇ ಹುಟ್ಟುವವನೆಂದು ಅವರ ನಂಬಿಕೆ. ಆ ಕಡೆ ಹಬ್ಬಕ್ಕೆ, ಮದುವೆಗೆ ಕ್ರೈಸ್ತರ ಮನೆಯಲ್ಲಿ ಕೊಯ್ದರೂ ಕೊಯ್ಯುವವನು ಮುಸ್ಲಿಮನಾಗಿರಬೇಕು. ಹಾಗಾದರೆ ಮಾತ್ರ ಮುಸ್ಲಿಂ ನೆಂಟರೂ ಸೇರಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣಬಹುದು. ಹಾಗಾಗಿ ಕ್ರಿಸ್‌ಮಸ್ ಬಂತೆಂದರೆ ಹಾಜಿಯ ಜಗುಲಿಯ ಮುಂದೆ ಹುಂಜ ಹಿಡಿದವರ ಸಾಲು. ಮುನೀರು ಒಂದೊಂದನ್ನೂ ಕಾಲು ಕಟ್ಟಿದ ಹಗ್ಗದಲ್ಲಿ, ಮೈಗೆ ತಾಕದಂತೆ ತೋಳು ಚಾಚಿ ಹಿಡಿದು ಹಿತ್ತಲಿಗೆ ಒಯ್ಯುತ್ತಿದ್ದ. ಹಿತ್ತಲಿನಲ್ಲಿ ಹೆಂಡತಿ ಜೈತೂನಿ ತೋಳು ಮಡಚಿ ನಿಂತಿರುತ್ತಿದ್ದಳು. ಅವಳು ಕಂಪಾಲಾದ ಒಬ್ಬ ಕಟುಕನ ಮಗಳು. ಅವಳು ದೇವರ ಹೆಸರು ಹೇಳಿ ಕೆಲಸ ಮುಗಿಸಿ ಕೈ ತೊಳೆದುಕೊಳ್ಳುವವರೆಗೂ ಇವನು ಬಾಳೆಗಿಡದ ಕಡೆ ಮುಖ ಮಾಡಿ, ಕಿವಿ ಮುಚ್ಚಿಕೊಂಡು ನಿಂತಿರುತ್ತಿದ್ದ. ಹೊಗಳಿಕೆ ಮಾತ್ರ ಮುಂಬಾಗಿಲಲ್ಲಿ ಇವನಿಗೇ ಸಲ್ಲುತ್ತಿತ್ತು.

"ಹಾಜಿ ಕೈ ಅಂದ್ರೆ ಕೈ. ಹುಂಜ ಒಂದ್ ಸಲಾನೂ ಕೂಗ್ಲಿಲ್ಲ ನೋಡಿ."

ಜೈತೂನಿಯ ಬಗ್ಗೆ ಕೇರಿಗೆ ಬರೀ ಕನಿಕರ. ಪೇಟೆಯಲ್ಲಿ ಅವಳದೇ ಕಬ್ಬಿಣದ ಸಾಮಾನಿನ ಅಂಗಡಿಯಿತ್ತು. ಲಾರಿಯಿಂದ ತಗಡಿನ ಹಾಳೆ ಇಳಿಸುವ ಆಳುಗಳು ಅವಳ ಒಂದು ಕೂಗಿಗೆ ನೆಟ್ಟಗೆ ನಿಲ್ಲುತ್ತಿದ್ದರು. ಆದರೂ ಎದುರು ಮನೆಯ ಸ್ಕೊಲಾಸ್ಟಿಕಾ ಬೇಲಿಯ ಬಳಿ ಸಿಕ್ಕಾಗಲೆಲ್ಲ ದನಿ ತಗ್ಗಿಸಿ ಕೇಳುವಳು:

"ಹೊರಗೆ ಹೋಗಕ್ಕೆ ಬಿಡ್ತಾನಾ ತಾಯಿ?"

"ಅಂಗಡಿಯಿಂದ ಈಗ ತಾನೇ ಬಂದೆ ನ್ಯಾಬೊ. ನಿಮ್ಮನೆಗೆ ಮೊಳೆ ಕೊಟ್ಟಿದ್ದೂ ನಾನೇ" ಎಂದು ಜೈತೂನಿ ಮರ್ಯಾದೆಯ 'ನ್ಯಾಬೊ' ಸೇರಿಸಿಯೇ ಉತ್ತರಿಸುವಳು.

"ಪಾಪ, ಹಾಗೇ ಹೇಳ್ಬೇಕು ನೀನು. ಇನ್ನೂ ಮೂರು ಜನ ಸವತೀರು ಬರ್ತಾರೆ ಅನ್ನೋ ಚಿಂತೆ ಬೇರೆ."

"ಬರ್ಲಿ ಬಿಡಿ, ಅಂಗಡಿಗೆ ಜನ ಸಾಲ್ತಿಲ್ಲ" ಎನ್ನುವಳು ಜೈತೂನಿ. ಸ್ಕೊಲಾಸ್ಟಿಕಾಳ ಗಂಡ ಪೊಲಿಕಾಪೊ ಚರ್ಚಿನಲ್ಲಿ ಮಕ್ಕಳಿಗೆ ಧರ್ಮಪಾಠ ಹೇಳುವವನು. ಅವನಿಗೆ ಲುಕಾಯಾದಲ್ಲಿ ಇನ್ನೊಂದು ಸಂಸಾರ ಇದ್ದದ್ದು ಸ್ಕೊಲಾಸ್ಟಿಕಾಳನ್ನೂ ಸೇರಿಸಿ ಎಲ್ಲರಿಗೂ ಗೊತ್ತಿತ್ತು. ಆದರೆ ಅದು ಅವನ ಸ್ವಂತ ವಿಷಯ, ಧರ್ಮದ್ದಲ್ಲವಲ್ಲ.

ಈ ಪೊಲಿಕಾಪೊನ ಹಿರಿಮಗಳ ನಿಶ್ಚಿತಾರ್ಥ ಗೊತ್ತಾಯಿತು. ಗಂಡಿನ ಕಡೆಯವರು ದೊಡ್ಡ ಜನ, ಹುಡುಗ ಕ್ಯಾಥೊಲಿಕನಾದರೂ ಮನೆತನದಲ್ಲಿ ಮುಸ್ಲಿಮರೂ ಇದ್ದರು. ಅದರಲ್ಲೂ ಹುಡುಗನ ದೊಡ್ಡಪ್ಪ, ಹಾಜಿ ತ್ವಾಹಾ ಎಂಬ ಮುದುಕ, ನಿಜಕ್ಕೂ ಮೆಕ್ಕಾಕ್ಕೆ ಹೋಗಿ ಬಂದವನು. ಅವನಿಗಾಗಿಯೇ ಪೊಲಿಕಾಪೊ ಹೋರಿಯೊಂದನ್ನು ಕೊಂಡು ಅಂಗಳದ ಮಾವಿನ ಮರಕ್ಕೆ ಕಟ್ಟಿದ. ಪೇಟೆಯ ಕಟುಕನನ್ನು ಬರಹೇಳಿಯೂ ಆಗಿತ್ತು. ಆದರೆ ಆ ದಿನ ಬೆಳಕು ಹರಿಯುವಾಗಲೇ ಪೊಲಿಕಾಪೊ ಮುನೀರುವಿನ ಬಾಗಿಲು ತಟ್ಟಿದ.

"ಹಾಜಿ, ಏಳಪ್ಪ! ಕಟುಕ ಕೈ ಕೊಟ್ಟ. ಅವನ ಅಕ್ಕ ಕ್ಯೊಟೆರಾದಲ್ಲಿ ತೀರ್ಕೊಂಡ್ಲಂತೆ."

"ಗೊತ್ತು, ನಿನ್ನೆ ನಾನೇ ಓದಿದ್ದು" ಎಂದ ಮುನೀರು ನಿದ್ದೆಗಣ್ಣಿನಲ್ಲಿ. ಅಂದ ಮೇಲೆ ಹೊಳೆಯಿತು. ಬಾಗಿಲನ್ನು ಅರ್ಧಕ್ಕೆ ಎಳೆದುಕೊಂಡ.

"ಓದಿ ಸುಮ್ನಿದ್ಯಾ? ಇರ್ಲಿ. ನೀನಿದೀಯಲ್ಲ, ನಡಿ. ಹೋರಿ ಸ್ವಲ್ಪ ಸಿಡುಕು, ಅಷ್ಟೇ."

"ಇಲ್ಲಿಗೇ ತನ್ನಿ, ಹಿತ್ತಲಿಗೆ" ಎಂದ ಮುನೀರು.

"ಹುಂಜಾನಾ ಅದು, ಹಗ್ಗದಲ್ಲಿ ನೇತಾಡ್ಸಿ ತರಕ್ಕೆ?"

ಸೊಂಟ ನೋವು ಎಂದ. ರೇಡಿಯೋ ಕೆಲಸವಿದೆ ಎಂದ. ಅವತ್ತು ಅವನಿಗೆ ರಜೆಯೆಂದು ಪೊಲಿಕಾಪೊನಿಗೆ ಗೊತ್ತಿತ್ತು. ಹೆಣ್ಣಿನ ಕಡೆಯ ಮುಖ್ಯ ಅತಿಥಿಗಳಲ್ಲಿ ಇವನೂ ಒಬ್ಬ. ಕಡೆಗೆ ಜೈತೂನಿಯೇ ತವರಿನ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, "ನಡೀರಿ, ನಾನೂ ಬರ್ತೀನಿ" ಎಂದಳು. ದಾರಿಯಲ್ಲಿ ಗಂಡನ ಕಿವಿಯಲ್ಲಿ, "ಕಣ್ಣು ಮುಚ್ಕೊಂಡು ನಿಂತಿರು, ಏನಾದ್ರೂ ಮಾಡೋಣ" ಎಂದಳು. ಏನು ಮಾಡುವುದೆಂದು ಅವಳಿಗೂ ಗೊತ್ತಿರಲಿಲ್ಲ.

ಅಂಗಳದಲ್ಲಿ ಕೇರಿಯೇ ನೆರೆದಿತ್ತು. ಗಂಡಸರು ಹೋರಿಯನ್ನು ಕೆಡವಿ, ಕಾಲು ಬಿಗಿದು, ಅದುಮಿ ಹಿಡಿದುಕೊಂಡರು. "ದಾರಿ ಬಿಡಿ, ಹಾಜಿ ಬಂದ್ರು" ಎಂದು ಯಾರೋ ಕೂಗಿದರು. ಮುನೀರು ಕತ್ತಿ ತೆಗೆದುಕೊಂಡ. ಹೋರಿ ಒಂದು ಕಣ್ಣು ಹೊರಳಿಸಿ ಅವನನ್ನೇ ನೋಡಿತು. ಇದರ ಸಾವಿನ ಸುದ್ದಿ ಓದುವುದಾದರೆ ಹೇಗೆ ಓದುತ್ತಿದ್ದೆ ಎಂದು ಅವನಿಗೆ ಅನ್ನಿಸಿತು. ಅಷ್ಟೇ. ಮಾವಿನ ಮರ ತಿರುಗಿತು, ಆಕಾಶ ತಿರುಗಿತು, ಹಾಜಿ ದಬಕ್ಕನೆ ಮಕಾಡೆ ಬಿದ್ದ. ಹಣೆ ಮರದ ಬೇರಿಗೆ ಬಡಿಯಿತು. ಹೋರಿಯ ಒಂದು ಕೂದಲೂ ಕೊಂಕಿರಲಿಲ್ಲ.

"ಪ್ರಾರ್ಥನೆ ಮಾಡ್ತಿದಾರೆ" ಎಂದರು ಯಾರೋ, ಭಕ್ತಿಯಿಂದ.

ಸ್ವಲ್ಪ ಹೊತ್ತಾದರೂ ಪ್ರಾರ್ಥನೆ ಮುಗಿಯದಿದ್ದಾಗ ಮೇಲೆತ್ತಿ ಚಾಪೆಯ ಮೇಲೆ ಮಲಗಿಸಿದರು. ಜೈತೂನಿ ಅವನ ಮುಖಕ್ಕೆ ನೀರು ಚಿಮುಕಿಸಿದಳು, ಉಸಿರಾಡುತ್ತಿದ್ದಾನೆಂದು ಖಾತ್ರಿ ಮಾಡಿಕೊಂಡಳು, ನೆಲದ ಮೇಲಿದ್ದ ಕತ್ತಿಯನ್ನು ತೆಗೆದು ಒರೆಸಿದಳು.

"ಹಿಡ್ಕೊಳ್ಳಿ ಗಟ್ಟಿಯಾಗಿ. ನಾನು ಕೊಯ್ತೀನಿ."

ಪೊಲಿಕಾಪೊ ಎರಡೂ ಕೈ ಚಾಚಿ ಅಡ್ಡ ನಿಂತ. "ಏನಮ್ಮಾ ನೀನು! ನಿಮ್ಮ ಧರ್ಮದಲ್ಲಿ ಹೆಂಗಸ್ರು ಕತ್ತಿ ಮುಟ್ಟೋ ಹಾಗಿಲ್ಲ."

"ಯಾರು ಹೇಳಿದ್ದು?"

"ಎಲ್ರಿಗೂ ಗೊತ್ತಿರೋದೇ. ನಿನಗೆ ಯಾರೂ ಹೇಳ್ಕೊಟ್ಟಿಲ್ಲ ಪಾಪ, ಹೆಣ್ಮಕ್ಕಳಿಗೆ ನಿಮ್ಮವರು ಓದಿಸಲ್ವಲ್ಲ."

ಪೊಲಿಕಾಪೊ ಏಳನೇ ತರಗತಿಯಲ್ಲಿ ಶಾಲೆ ಬಿಟ್ಟವನು. ಜೈತೂನಿ ವಾಣಿಜ್ಯದಲ್ಲಿ ಪದವಿ ಪಡೆದವಳು. ಅವಳು ಮಾತು ಬೆಳೆಸದೆ ಫೋನ್ ತೆಗೆದು ಪೇಟೆಯ ಮಸೀದಿಯ ಶೇಖ್ ಎಡಿರಿಸಾಗೆ ಕರೆ ಮಾಡಿ, ಎಲ್ಲರಿಗೂ ಕೇಳುವಂತೆ ದನಿ ಜೋರು ಮಾಡಿ ಹಿಡಿದಳು. ಶೇಖ್ ಆಗಷ್ಟೇ ಚಹಾ ಕುಡಿಯುತ್ತಿದ್ದರು.

"ಹೆಂಗಸು ಕೊಯ್ಯಬಹುದಾ? ಧಾರಾಳವಾಗಿ ಕೊಯ್ಯಬಹುದು ಮಗಳೇ. ದೇವರ ಹೆಸರು ಹೇಳು, ಕತ್ತಿ ಹರಿತ ಇರ್ಲಿ, ಪ್ರಾಣೀನ ಸತಾಯಿಸ್ಬೇಡ. ಮುನೀರು ಎಲ್ಲಿ?"

"ಮಲಗಿದಾರೆ."

"ಈ ಹೊತ್ತಿನಲ್ಲಾ?" ಎಂದು ಶೇಖ್ ಫೋನ್ ಇಟ್ಟರು.

ಪೊಲಿಕಾಪೊ ತಲೆ ಅಲ್ಲಾಡಿಸಿದ. "ಈ ಶೇಖ್ ಯಾಕೋ ಪಕ್ಕಾ ಮುಸ್ಲಿಂ ಅನ್ನಿಸ್ತಿಲ್ಲ."

"ಹೌದಪ್ಪ, ನೀನೇ ಹೋಗಿ ಮಸೀದೀಲಿ ಪಾಠ ಮಾಡು!" ಎಂದು ಸ್ಕೊಲಾಸ್ಟಿಕಾ ಅಡುಗೆ ಒಲೆಯ ಕಡೆಯಿಂದ ಸೌಟು ಹಿಡಿದೇ ಬಂದಳು. "ಮಧ್ಯಾಹ್ನಕ್ಕೆ ಬೀಗರು ಬರ್ತಾರೆ, ನೀರು ಕುದ್ದೂ ಕುದ್ದೂ ಅರ್ಧ ಆಗಿದೆ, ಇವನಿಗೆ ಪರರ ಧರ್ಮದ ಚಿಂತೆ. ಸರಿ ಅತ್ಲಾಗೆ! ಜೈತೂನಿ, ನೋಡೇ ತಾಯಿ ನೀನು."

ಜೈತೂನಿ ಸೆರಗು ಸೊಂಟಕ್ಕೆ ಬಿಗಿದಳು. ಹೋರಿಯ ಕಣ್ಣಿಗೆ ಅಂಗೈ ಅಡ್ಡ ಹಿಡಿದು, ದೇವರ ಹೆಸರು ಹೇಳಿದಳು. ಹಿಡಿದುಕೊಂಡಿದ್ದ ಗಂಡಸರಿಗೆ ಮುಗಿದದ್ದೇ ತಿಳಿಯಲಿಲ್ಲ. ಅವರಲ್ಲಿ ಒಬ್ಬ ಎದ್ದು ಬೇಲಿಯಾಚೆ ಹೋಗಿ ವಾಂತಿ ಮಾಡಿದ. ಅವನು ಕ್ಯಾಥೊಲಿಕನಾದ್ದರಿಂದ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ.

ಮಧ್ಯಾಹ್ನ ಬೀಗರು ಬಂದರು. ಉದ್ದನೆಯ ಬಿಳಿ ನಿಲುವಂಗಿಗಳು, ಬುಟ್ಟಿಗಟ್ಟಲೆ ಉಡುಗೊರೆ, ಪದ್ಧತಿಯಂತೆ ಎರಡೂ ಕಡೆಯ ಮಾತುಗಾರರ ಜಾಣತನದ ಜಗಳ, ಎಲ್ಲ ಸಾಂಗವಾಗಿ ನಡೆಯಿತು. ಮುನೀರು ಹಣೆಯ ಮೇಲೆ ನಿಂಬೆಕಾಯಿ ಗಾತ್ರದ ಬುಗುಟು ಹೊತ್ತು ಮುಂದಿನ ಸಾಲಿನಲ್ಲಿ ಕುಳಿತಿದ್ದ. ಪೊಲಿಕಾಪೊ ಅವನ ತೊಡೆ ಅದುಮಿ, "ಯಾರಾದ್ರೂ ಕೇಳಿದ್ರೆ ನೀನೇ ಕೊಯ್ದಿದ್ದು. ನನ್ನ ಮಗಳ ಬಾಳಿನ ಪ್ರಶ್ನೆ" ಎಂದು ಪಿಸುಗುಟ್ಟಿದ್ದ. ಮುನೀರು ತಲೆಯಾಡಿಸಿದ್ದ. ಇಷ್ಟು ವರ್ಷ ಹುಂಜಗಳ ಹೆಸರು ಪಡೆದವನಿಗೆ ಒಂದು ಹೋರಿ ಭಾರವೇ?

ಊಟಕ್ಕೆ ಕೂತಾಗ ಬಾಳೆಕಾಯಿ ಬೇಯಿಸಿ ಕಿವುಚಿದ ಮಟೋಕೆ ಬಾಳೆಎಲೆಯಲ್ಲಿ ಹಬೆಯಾಡುತ್ತ ಬಂತು, ಮಾಂಸದ ಪಾತ್ರೆ ಬಂತು. ಹಾಜಿ ತ್ವಾಹಾ ಪಾತ್ರೆಯೊಳಗೆ ಇಣುಕಿ ಕೇಳಿದ. "ಕೊಯ್ದಿದ್ದು ಯಾರು?"

"ನಮ್ಮ ಹಾಜಿ!" ಎಂದ ಪೊಲಿಕಾಪೊ, ಮುನೀರುವಿನ ಬೆನ್ನು ಚಪ್ಪರಿಸಿ.

ಮುದುಕ ಮುನೀರುವಿನ ಹಣೆ ನೋಡಿದ. "ಹೋರಿ ತಿರುಗಿ ಬಿತ್ತೇನಪ್ಪ?"

ಮುನೀರುವಿನ ಕಣ್ಣು ಪೆಂಡಾಲಿನ ಆ ತುದಿಗೆ ಹೋಯಿತು. ಅಲ್ಲಿ ಜೈತೂನಿ ಬೆಳಗಿನ ದಣಿವಿನಲ್ಲಿ ಕಂಬಕ್ಕೊರಗಿ, ಚಪ್ಪಲಿ ಕಳಚಿ ಕುಳಿತಿದ್ದಳು. ಅವಳ ಪಕ್ಕದ ಹೆಂಗಸರು ಅವಳಿಂದ ಸ್ವಲ್ಪ ದೂರ ಸರಿದಿದ್ದರು. ಅವನು ತನ್ನ ಬೆನ್ನ ಮೇಲಿದ್ದ ಪೊಲಿಕಾಪೊನ ಕೈಯನ್ನು ಸರಿಸಿದ.

"ಇಲ್ಲ ಹಾಜಿ. ಕೊಯ್ದಿದ್ದು ನನ್ನ ಹೆಂಡ್ತಿ. ನನಗೆ ರಕ್ತ ಕಂಡ್ರೆ ಆಗಲ್ಲ. ನಾನು ಬಿದ್ದೆ."

ಅಭ್ಯಾಸಬಲದಿಂದ ಅದು ರೇಡಿಯೋ ದನಿಯಲ್ಲೇ ಬಂತು. ಪೆಂಡಾಲೆಲ್ಲ ನಿಶ್ಶಬ್ದವಾಯಿತು, ಯಾರು ಸತ್ತರೋ ಎಂಬಂತೆ. ಪೊಲಿಕಾಪೊ ಕಣ್ಣು ಮುಚ್ಚಿ ಶಿಲುಬೆಯ ಗುರುತು ಮಾಡಿಕೊಂಡ.

ಹಾಜಿ ತ್ವಾಹಾ ಗಡ್ಡ ಕೆರೆದುಕೊಂಡ. "ನಮ್ಮಮ್ಮಾನೂ ಹಾಗೇ. ನಮ್ಮಪ್ಪ ಕತ್ತಿ ಹುಡುಕೋಷ್ಟರಲ್ಲಿ ಅವಳು ಕೋಳಿ ಸಾರಿಗೆ ಒಗ್ಗರಣೆ ಹಾಕಿರ್ತಿದ್ಲು." ಆಮೇಲೆ ಪಾತ್ರೆಯನ್ನು ಮುಂದೆ ತಳ್ಳಿದ. "ನನಗೆ ಬೇಡಪ್ಪ, ಬಡಿಸ್ಬೇಡಿ."

ಪೊಲಿಕಾಪೊನ ಜೀವ ಬಾಯಿಗೆ ಬಂತು. "ಹಾಜಿ, ಹೆಂಗಸು ಅಂತ ಬೇಜಾರಾ..."

"ಥೂ, ಅದಲ್ಲಯ್ಯ. ಕಾಲು ಬಾವು. ದನದ ಮಾಂಸ ಮುಟ್ಬೇಡ ಅಂತ ಡಾಕ್ಟ್ರು ಬಿಡಿಸಿ ಎರಡು ವರ್ಷ ಆಯ್ತು. ಯಾರು ಕೊಯ್ದಿದ್ದು ಅಂತ ಕೇಳಿದ್ದು, ನನ್ನ ಜೊತೆ ಬಂದಿರೋ ಮುಸ್ಲಿಮ್ರು ತಿನ್ನಬಹುದಾ ಅಂತ ತಿಳ್ಕೊಳ್ಳಕ್ಕೆ. ನನಗೆ ಮಟೋಕೆ ಕೊಡಿ. ಕಡಲೇಬೀಜದ ಗೊಜ್ಜು ಇದೆಯಾ?"

ಮುನೀರು ಎದ್ದು ಹೋಗಿ ಒಂದು ತಟ್ಟೆ ತುಂಬಿಸಿ ಜೈತೂನಿಯ ಮುಂದಿಟ್ಟ. ಗಂಡಸೊಬ್ಬ ಎಲ್ಲರೆದುರು ಹೆಂಡತಿಗೆ ಬಡಿಸುವುದನ್ನು ಕಂಡು ಹೆಂಗಸರು ಮೊಣಕೈ ತಿವಿದುಕೊಂಡರು. "ನಿನಗ್ಯಾಕೆ ಬೇಕಿತ್ತು ಹೇಳೋದು?" ಎಂದಳು ಜೈತೂನಿ. ಆದರೆ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು.

ಮದುವೆಗೇನೂ ವಿಘ್ನ ಬರಲಿಲ್ಲ. ಕೇರಿಯ ಜ್ಞಾನ ಮಾತ್ರ ಹೊಸದಾಯಿತು. ಮುಸ್ಲಿಂ ಹೆಂಗಸರು ಗಂಡಂದಿರನ್ನು ಹೊಡೆದು ಮಲಗಿಸಿ ಕತ್ತಿ ಕಸಿದುಕೊಳ್ಳುತ್ತಾರೆ, ಅದಕ್ಕೇ ಅವರ ಗಂಡಸರು ಅಷ್ಟು ಸಾಧುಗಳು ಎಂದು ಬಾವಿಕಟ್ಟೆಯಲ್ಲಿ ಮಾತಾಯಿತು. ಸ್ಕೊಲಾಸ್ಟಿಕಾ ಈಗ ಕನಿಕರ ಪಡುವುದು ಮುನೀರುವಿನ ಮೇಲೆ. "ಹೊರಗೆ ಹೋಗಕ್ಕೆ ಬಿಡ್ತಾಳಾ?" ಎಂದು ಅವನನ್ನೇ ಕೇಳುತ್ತಾಳೆ.

ಒಂದು ಭಾನುವಾರ ಸಂಜೆ ಪೊಲಿಕಾಪೊ ಧರ್ಮಪಾಠದ ಪುಸ್ತಕ ಹಿಡಿದು ಬಂದ. ಮುನೀರು ಜಗುಲಿಯ ಮೇಲೆ ಚಹಾ ಕೊಟ್ಟ.

"ನೋಡಪ್ಪ, ಯೋಚಿಸಿ ಯೋಚಿಸಿ ನನಗೆ ತಿಳೀತು" ಎಂದ ಪೊಲಿಕಾಪೊ. "ನೀನು ನಿಜವಾಗಿ ಮುಸ್ಲಿಮನೇ ಅಲ್ಲ. ರಕ್ತ ಕಂಡ್ರೆ ಬೀಳ್ತೀಯ. ಒಬ್ಬಳೇ ಹೆಂಡ್ತಿ, ಅವಳಿಗೂ ಹೆದರ್ತೀಯ. ಸುಳ್ಳು ಹೇಳು ಅಂದ್ರೆ ನಿಜ ಹೇಳ್ತೀಯ. ನಿಮ್ಮ ಅಜ್ಜನೋ ಮುತ್ತಜ್ಜನೋ ನಮ್ಮೋನೇ ಇರ್ಬೇಕು. ವಾಪಸ್ ಬಂದ್ಬಿಡು, ಫಾದರ್ ಹತ್ರ ನಾನು ಮಾತಾಡ್ತೀನಿ."

ಮುನೀರು ಲೋಟ ಕೆಳಗಿಟ್ಟು ಬಾನು ನೋಡಿ, 'ಸ್ಸೆಬೊ' ಎಂದು ಮರ್ಯಾದೆ ಕೊಟ್ಟೇ ಹೇಳಿದ. "ಹೊತ್ತು ಮುಳುಗ್ತಾ ಬಂತು ಸ್ಸೆಬೊ. ನಮಾಜ್ ಮುಗಿಸಿ ಬರ್ತೀನಿ, ಕೂತಿರಿ."

"ಇನ್ನೂ ಮಾಡ್ತೀಯಾ?" ಎಂದ ಪೊಲಿಕಾಪೊ, ನಿಜವಾದ ಆಶ್ಚರ್ಯದಿಂದ.

"ಅದಕ್ಕೇನು ಕತ್ತಿ ಬೇಕಾ?" ಎಂದು ಮುನೀರು ಒಳಗೆ ಹೋದ.

ಜೈತೂನಿ ಬಾಳೆಕಾಯಿಯ ಬುಟ್ಟಿ ತಂದು ಪೊಲಿಕಾಪೊನ ಕಾಲ ಬಳಿ ಕುಕ್ಕಿದಳು, ಒಂದು ಚಾಕು ಕೊಟ್ಟಳು. "ಸುಮ್ನೆ ಕೂರೋ ಬದ್ಲು ಇದನ್ನ ಸುಲೀರಿ. ರಾತ್ರಿ ಊಟ ಇಲ್ಲೇ."

ಗಂಡಸರು ಬಾಳೆಕಾಯಿ ಸುಲಿಯುವುದಿಲ್ಲ ಎಂದು ಹೇಳಲು ಪೊಲಿಕಾಪೊ ಬಾಯಿ ತೆರೆದ. ಅವಳು ಬಾಗಿಲಲ್ಲಿ ತೋಳು ಮಡಚಿ ನಿಂತೇ ಇದ್ದಳು. ಅವನು ಬಾಯಿ ಮುಚ್ಚಿ, ಪುಸ್ತಕವನ್ನು ಪಕ್ಕಕ್ಕಿಟ್ಟು, ಮೊದಲ ಕಾಯಿ ಎತ್ತಿಕೊಂಡ. ನಮಾಜು ಮುಗಿಸಿ ಬಂದ ಮುನೀರು ಎದುರಿಗೆ ಕುಳಿತು ಇನ್ನೊಂದನ್ನು ತೆಗೆದುಕೊಂಡ. ಪೊಲಿಕಾಪೊನ ಕೈಯಲ್ಲಿ ಸಿಪ್ಪೆಗಿಂತ ಹೆಚ್ಚು ತಿರುಳೇ ಕಿತ್ತು ಬರುತ್ತಿತ್ತು.

"ತೆಳ್ಳಗೆ ಸ್ಸೆಬೊ, ತೆಳ್ಳಗೆ" ಎಂದ ಮುನೀರು. "ಅಂಟು ಕೈಗೆ ಹಿಡ್ಕೊಳ್ಳುತ್ತೆ, ನೀರಲ್ಲಿ ಅದ್ದಿ."